ಪೇಟೆಗೂ ದಂಡಿಗೂ ನಡುವಿನ ಅಂತರ: ಕನ್ನಡನಾಡಿನ ಹೆಸರಿನ ರೆಜಿಮೆಂಟ್ ಏಕಿಲ್ಲ?

ಬೆಂಗಳೂರು: ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳ ಪಡಸಾಲೆಯಲ್ಲಿ ತೂಗುಹಾಕಿದ ಭಾವಚಿತ್ರಗಳನ್ನು ಗಮನಿಸಿದರೆ ಪೇಟ ಸುತ್ತಿದ ಅಮಲ್ದಾರರು, ವಕೀಲರು, ಉಪಾಧ್ಯಾಯರು ಕಾಣಸಿಗುತ್ತಾರೆ. ಸಮವಸ್ತ್ರದ ಸಿಪಾಯಿ ಮಾತ್ರ ಅಪರೂಪ. ಆದರೆ ಇದೇ ನಗರದ ಇನ್ನೊಂದು ಬದಿಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್, ಸೇನಾ ಸರಬರಾಜು ದಳದ ಕೇಂದ್ರ, ಸೇನಾ ಪೊಲೀಸ್ ಕೇಂದ್ರ, ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ, ವಾಯುಪಡೆಯ ತರಬೇತಿ ಕಮಾಂಡಿನ ಕೇಂದ್ರ ಕಚೇರಿ ಎಲ್ಲವೂ ಇವೆ. ದೇಶದ ಕೆಲವೇ ನಗರಗಳಲ್ಲಿ ಇಷ್ಟೊಂದು ಸೇನಾ ಸಂಸ್ಥೆಗಳಿವೆ. ಹೀಗಿದ್ದೂ ಹಳೆಯ ಬೆಂಗಳೂರಿಗೂ ಸೇನೆಗೂ ನಂಟು ತೆಳುವಾಗಿಯೇ ಉಳಿದದ್ದೇಕೆ? ಪಂಜಾಬ್, ಬಿಹಾರ, ಅಸ್ಸಾಂ, ಮದ್ರಾಸ್ ಹೆಸರಿನ ರೆಜಿಮೆಂಟುಗಳಿರುವಾಗ ಕರ್ನಾಟಕದ ಹೆಸರಿನದೊಂದು ಏಕಿಲ್ಲ? ಆಗಾಗ ಕೇಳಿಬರುವ ಈ ಎರಡು ಪ್ರಶ್ನೆಗಳಿಗೆ ಉತ್ತರ ಒಂದೇ ಚರಿತ್ರೆಯಲ್ಲಿ ಅಡಗಿದೆ.

ಬೆಂಗಳೂರು ಎಂಬ ಹೆಸರು ಮೊದಲು ದೊರೆಯುವುದೇ ಒಬ್ಬ ಯೋಧನ ಸಾವಿನ ದಾಖಲೆಯಲ್ಲಿ ಎಂಬುದು ಇಲ್ಲಿ ಉಲ್ಲೇಖನೀಯ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲು 'ಬೆಂಗಳೂರ ಕಾಳಗ'ದಲ್ಲಿ ಮಡಿದವನನ್ನು ಸ್ಮರಿಸುತ್ತದೆ. ಕಾಳಗ ಈ ಊರಿಗೆ ಹೊಸತಾಗಿರಲಿಲ್ಲ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೇನೆ ಪೇಟೆಯನ್ನೂ, 21ರಂದು ಕೋಟೆಯನ್ನೂ ವಶಪಡಿಸಿಕೊಂಡಿತು. ಇಂದಿನ ಸಿಟಿ ಮಾರುಕಟ್ಟೆಯಿಂದ ಚಾಮರಾಜಪೇಟೆಯ ಅಂಚಿನವರೆಗಿನ ನೆಲ ಅಂದಿನ ರಣರಂಗ.

ದಂಡು ಬೇರೆ, ಪೇಟೆ ಬೇರೆ

1799ರಲ್ಲಿ ಟಿಪ್ಪು ಸುಲ್ತಾನ್ ಪತನಾನಂತರ ಬ್ರಿಟಿಷರು ಶ್ರೀರಂಗಪಟ್ಟಣದಲ್ಲಿ ತಮ್ಮ ಪಡೆಯನ್ನು ಇರಿಸಿದ್ದರು. ಅಲ್ಲಿ ಮಲೇರಿಯಾ ಕಾಡಿದ್ದರಿಂದ 1809ರಲ್ಲಿ ಅದನ್ನು ಬೆಂಗಳೂರಿಗೆ ವರ್ಗಾಯಿಸಲಾಯಿತು. ಹೀಗೆ ಹಲಸೂರಿನ ಬಳಿ ತಲೆಯೆತ್ತಿದ ಸೇನಾ ವಸತಿಯೇ ಜನರ ಬಾಯಲ್ಲಿ 'ದಂಡು' ಆಯಿತು. ದಂಡು ಎಂದರೆ ಸೇನೆ. ರೈಲು ನಿಲ್ದಾಣದ ಕನ್ನಡ ಫಲಕದಲ್ಲಿ ಆ ಪದ ಇಂದಿಗೂ ಉಳಿದಿದೆ.

ದಂಡು ತನ್ನ ಜನರನ್ನು ತಾನೇ ಕರೆತಂದಿತು. ಮದ್ರಾಸ್ ಸೇನೆಯ ಸಿಪಾಯಿಗಳು, ಗುತ್ತಿಗೆದಾರರು, ಅಡುಗೆಯವರು, ಕುಶಲಕರ್ಮಿಗಳಲ್ಲಿ ತಮಿಳು, ತೆಲುಗು, ಉರ್ದು ಮಾತನಾಡುವವರೇ ಬಹುಸಂಖ್ಯಾತರು. ಪೇಟೆಯವರು ಬಟ್ಟೆ, ಧಾನ್ಯಗಳ ವ್ಯಾಪಾರದಲ್ಲಿದ್ದರೇ ಹೊರತು ಸಿಪಾಯಿಗಿರಿಯಲ್ಲಿ ಅಲ್ಲ. 1881ರಲ್ಲಿ ರಾಜ್ಯವನ್ನು ಒಡೆಯರ ಮನೆತನಕ್ಕೆ ಮರಳಿಸಿದಾಗಲೂ 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಹೆಸರಿನ ಈ ಪ್ರದೇಶ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಅದು ಮೈಸೂರಿಗೆ ಮರಳಿದ್ದು 1947ರಲ್ಲಿ. ಎರಡೂ ಊರುಗಳಿಗೆ ಒಂದೇ ನಗರಪಾಲಿಕೆ ಬಂದದ್ದು 1949ರಲ್ಲಿ. ಒಂದೂಕಾಲು ಶತಮಾನಕ್ಕೂ ಮಿಕ್ಕಿದ ಈ ಪ್ರತ್ಯೇಕತೆಯನ್ನು ಕಬ್ಬನ್ ಉದ್ಯಾನವನ್ನು ದಾಟಿ ಬಂದಷ್ಟು ಸುಲಭವಾಗಿ ದಾಟಲಾಗದು.

ಇತ್ತ 1892ರ ಸುಮಾರಿಗೆ ಚಾಮರಾಜಪೇಟೆಯೂ, 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳೂ ಬೆಳೆದವು. ಇಲ್ಲಿ ನೆಲೆಸಿದವರಲ್ಲಿ ಬಹುಪಾಲು ಜನ ಮೈಸೂರು ಸರ್ಕಾರದ ನೌಕರಿಯನ್ನೋ ಶಿಕ್ಷಣವನ್ನೋ ನೆಚ್ಚಿದವರು. ಮನೆಯ ಹುಡುಗ ಎಲ್.ಎಸ್. ಅಥವಾ ಬಿ.ಎ. ಮಾಡಿ ಹುಜೂರು ಕಚೇರಿ ಸೇರಬೇಕೆಂಬುದೇ ಹಂಬಲವಾಗಿದ್ದಾಗ ಬಂದೂಕು ಹಿಡಿಯುವ ಮಾತೆಲ್ಲಿ?

ಮೈಸೂರಿಗೂ ಸೇನೆಯಿತ್ತು

ಆದರೆ ಕನ್ನಡನಾಡು ಸೈನ್ಯಕ್ಕೆ ಒಗ್ಗದ ನಾಡು ಎನ್ನುವುದು ಸುಳ್ಳು. ಮೈಸೂರು ಸಂಸ್ಥಾನಕ್ಕೆ ತನ್ನದೇ ಅಶ್ವದಳವೂ ಪದಾತಿದಳವೂ ಇದ್ದವು. ಮೊದಲ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆ ಸೂಯೆಜ್ ಕಾಲುವೆಯ ರಕ್ಷಣೆಗೆ ನಿಂತಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಕಸಿದುಕೊಂಡ ಕಾದಾಟದಲ್ಲಿ ಜೋಧಪುರದ ಅಶ್ವದಳ ಪಟ್ಟಣಕ್ಕೆ ನುಗ್ಗಿದರೆ, ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಮೇಲೆ ದಾಳಿ ಮಾಡಿದರು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ 1922ರಲ್ಲಿ ನಿಲ್ಲಿಸಿದ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಪಡೆಗಳದು. 2018ರಲ್ಲಿ ಆ ವೃತ್ತಕ್ಕೆ ಹೈಫಾ ಹೆಸರು ಸೇರಿತು. ಬೆಂಗಳೂರಿನ ಜೆ.ಸಿ. ನಗರದ ಬಳಿಯೂ ಈ ಪಡೆಯ ಸ್ಮಾರಕವಿದೆ. ದಿನನಿತ್ಯ ಅದರ ಪಕ್ಕದಲ್ಲೇ ಸಾಗುವ ಸಾವಿರಾರು ಮಂದಿಯಲ್ಲಿ ಎಷ್ಟು ಜನ ನಿಂತು ಓದಿದ್ದಾರೋ!

ಈ ಸೇನೆ ಏನಾಯಿತು? ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಪಡೆಗಳು ಭಾರತೀಯ ಸೇನೆಯಲ್ಲಿ ವಿಲೀನಗೊಂಡವು. ಮೈಸೂರು ಪದಾತಿದಳ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಲ್ಯಾನ್ಸರ್ಸ್ ಪಡೆ ಇತರ ಸಂಸ್ಥಾನಗಳ ಕುದುರೆ ಪಡೆಗಳೊಂದಿಗೆ ಸೇರಿ 1953ರಲ್ಲಿ ರೂಪುಗೊಂಡ, ಈಗ 61ನೇ ಕ್ಯಾವಲ್ರಿ ಎನಿಸಿಕೊಂಡಿರುವ ದಳದಲ್ಲಿ ಕರಗಿತು. ಹೆಸರು ಹೋಯಿತು, ಪರಂಪರೆ ಉಳಿಯಿತು ಎನ್ನಬಹುದು.

ಬ್ರಿಟಿಷರ ಲೆಕ್ಕಾಚಾರ

ದಕ್ಷಿಣದವರು ಸೇನೆಯಲ್ಲಿ ಹಿಂದೆ ಬೀಳಲು ಇನ್ನೊಂದು ಕಾರಣವೂ ಇದೆ. 1885ರಿಂದ 1893ರವರೆಗೆ ಪ್ರಧಾನ ಸೇನಾಪತಿಯಾಗಿದ್ದ ರಾಬರ್ಟ್ಸ್, ಪಂಜಾಬಿ, ಗೂರ್ಖಾ, ಪಠಾಣರೇ ಯುದ್ಧಕ್ಕೆ ಯೋಗ್ಯರು, ದಕ್ಷಿಣದವರು ಅಲ್ಲ ಎಂಬ ವಾದವನ್ನು ಬಲವಾಗಿ ಪ್ರತಿಪಾದಿಸಿದ. 'ಯೋಧ ಜನಾಂಗ' ಎಂಬ ಈ ಸಿದ್ಧಾಂತಕ್ಕೆ ಆಧಾರ ದುರ್ಬಲ. 1857ರಲ್ಲಿ ಯಾರು ತಿರುಗಿಬಿದ್ದರು, ಯಾರು ನಿಷ್ಠರಾಗಿದ್ದರು ಎಂಬ ಲೆಕ್ಕಾಚಾರವೇ ಅದರ ಹಿಂದೆ ಹೆಚ್ಚು. ಮದ್ರಾಸ್ ಸೇನೆಯ ಪದಾತಿ ಪಡೆಗಳು ಒಂದೊಂದಾಗಿ ಕರಗಿದವು. 1920ರ ದಶಕದ ಕೊನೆಗೆ ಮದ್ರಾಸ್ ರೆಜಿಮೆಂಟೇ ಇಲ್ಲವಾಯಿತು. ಎರಡನೇ ಮಹಾಯುದ್ಧಕ್ಕೆ ಆಳು ಬೇಕಾದಾಗ, 1941ರಲ್ಲಿ ಮತ್ತೆ ಕಟ್ಟಲಾಯಿತು. ಈ ಅವಧಿಯುದ್ದಕ್ಕೂ ಅಳಿಯದೆ ಉಳಿದದ್ದು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್. ಸೇತುವೆ ಕಟ್ಟುವ, ಸುರಂಗ ತೋಡುವ ಕೈಗಳನ್ನು ಕಳೆದುಕೊಳ್ಳಲು ಯಾರೂ ಸಿದ್ಧರಿರಲಿಲ್ಲ.

ಹೊಸ ರೆಜಿಮೆಂಟ್ ಸಾಧ್ಯವೇ?

ಜಾತಿ, ಮತ, ಪ್ರದೇಶಗಳ ಆಧಾರದಲ್ಲಿ ಹೊಸ ರೆಜಿಮೆಂಟ್ ಕಟ್ಟುವುದಿಲ್ಲ ಎಂಬುದು ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರದ ಘೋಷಿತ ನೀತಿ. ಹಳೆಯವುಗಳನ್ನು ಪರಂಪರೆಯ ಕಾರಣಕ್ಕೆ ಉಳಿಸಿಕೊಳ್ಳಲಾಗಿದೆ. 1970ರಲ್ಲಿ ನಾಗಾ ರೆಜಿಮೆಂಟ್ ಸ್ಥಾಪನೆಯಾದುದನ್ನು ಬೇಡಿಕೆ ಇಡುವವರು ಎತ್ತಿ ತೋರಿಸುತ್ತಾರೆ. ಅದು ಗಡಿ ರಾಜ್ಯವೊಂದರ ರಾಜಕೀಯ ಪರಿಸ್ಥಿತಿಗೆ ಸಂಬಂಧಿಸಿದ ಅಪವಾದ ಎನ್ನುವುದೇ ಸರಿ. ಕರ್ನಾಟಕದ ಯುವಕರು ಸದ್ಯ ಮದ್ರಾಸ್ ರೆಜಿಮೆಂಟ್, ಎಂಇಜಿ, ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿ ಮುಂತಾದೆಡೆ ಸೇರುತ್ತಾರೆ. ಮದ್ರಾಸ್ ರೆಜಿಮೆಂಟಿನ ರಣಘೋಷದಲ್ಲಿ ಬರುವ 'ಕೊಲ್ಲು' ಎಂಬ ಪದಕ್ಕೆ ಕನ್ನಡಿಗನಿಗಂತೂ ಅನುವಾದ ಬೇಕಿಲ್ಲ.

ಹೆಸರಿಗಿಂತ ಪಾಲು ಮುಖ್ಯ ಎನ್ನುವುದಾದರೆ, 1966ರಿಂದ ನೇಮಕಾತಿಯು ಪ್ರತಿ ರಾಜ್ಯದಲ್ಲಿ ಸೇನೆಗೆ ಅರ್ಹರಾದ ಪುರುಷರ ಸಂಖ್ಯೆಯನ್ನು ಆಧರಿಸಿದೆ. ಅಂದರೆ ಕರ್ನಾಟಕಕ್ಕೂ ಪಾಲಿದೆ. ಅದನ್ನು ತುಂಬುವವರು ಯಾರು ಎಂಬುದೇ ಪ್ರಶ್ನೆ. ಬಸವನಗುಡಿ, ಮಲ್ಲೇಶ್ವರಗಳ ತರುಣರು ರಕ್ಷಣಾ ಕ್ಷೇತ್ರಕ್ಕೆ ಬಂದದ್ದು ಬಹುತೇಕ ಬೇರೆ ಬಾಗಿಲಿನಿಂದ. 1940ರಲ್ಲಿ ಮೈಸೂರು ಸರ್ಕಾರದ ನೆರವಿನೊಂದಿಗೆ ಆರಂಭವಾದ ಎಚ್‌ಎಎಲ್, 1954ರ ಬಿಇಎಲ್, ಆನಂತರದ ಡಿಆರ್‌ಡಿಒ ಪ್ರಯೋಗಾಲಯಗಳು ಇಲ್ಲಿನ ಎಂಜಿನಿಯರುಗಳನ್ನು ಸೆಳೆದವು. ವಿಮಾನ, ರೇಡಾರ್‌ಗಳನ್ನು ರೂಪಿಸಿದವರ ಸೇವೆಯನ್ನು ಕಡಿಮೆ ಎನ್ನಲಾಗದು. ಆದರೆ ಗಡಿಯಲ್ಲಿ ನಿಲ್ಲುವ ಅಪಾಯವನ್ನು ಹಳ್ಳಿಗಳಿಗೂ ಕೊಡಗಿಗೂ ಬಿಟ್ಟು, ಸೈನಿಕರ ತ್ಯಾಗವನ್ನು ದೂರದಿಂದ ಕೊಂಡಾಡುವ ನಗರವಾಸಿಗಳ ರೂಢಿಯನ್ನೂ ಮುಚ್ಚಿಡಬೇಕಿಲ್ಲ.

ಈಗಿನ ದಾರಿ

2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಸಿಪಾಯಿ ಹಂತದ ನೇಮಕ ನಾಲ್ಕು ವರ್ಷಗಳಿಗೆ. ಮೊದಲ ವರ್ಷ ತಿಂಗಳಿಗೆ 30,000 ರೂ., ನಾಲ್ಕನೇ ವರ್ಷ 40,000 ರೂ.; ಇದರಲ್ಲಿ ಶೇ. 30 ಸೇವಾನಿಧಿಗೆ ಕಡಿತ, ಅಷ್ಟೇ ಮೊತ್ತ ಸರ್ಕಾರದಿಂದ. ಅವಧಿ ಮುಗಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂ. ದೊರೆಯುವುದೆಂದು ಆಗ ತಿಳಿಸಲಾಗಿತ್ತು. ಪಿಂಚಣಿ ಇಲ್ಲ. ಗರಿಷ್ಠ ಶೇ. 25 ಮಂದಿಯನ್ನು ಕಾಯಂಗೊಳಿಸುವ ಅವಕಾಶವಿದೆ. ತಂದೆ-ತಾಯಂದಿರು ಮೊದಲು ಕೇಳುವುದು ಉಳಿದ ಮುಕ್ಕಾಲು ಪಾಲಿನವರ ಗತಿಯನ್ನೇ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮೀಸಲಾತಿ ಘೋಷಣೆಯಾಗಿದ್ದರೂ, 2022ರ ಕೊನೆಯಲ್ಲಿ ಸೇರಿದ ಮೊದಲ ತಂಡದ ನಾಲ್ಕು ವರ್ಷ ಮುಗಿಯುವವರೆಗೆ ಅದರ ನಿಜವಾದ ಬೆಲೆ ಅಳೆಯಲು ಬಾರದು.

ಭಾಷೆಯ ವಿಷಯದಲ್ಲಿ ಒಂದು ಬದಲಾವಣೆ ಗಮನಾರ್ಹ. 2023ರಿಂದ ಭೂಸೇನೆಯ ನೇಮಕಾತಿಯಲ್ಲಿ ಮೊದಲು ಆನ್‌ಲೈನ್ ಲಿಖಿತ ಪರೀಕ್ಷೆ, ನಂತರ ದೈಹಿಕ ಪರೀಕ್ಷೆ. 2025ರಲ್ಲಿ ಈ ಲಿಖಿತ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ಬರೆಯಲು ಅವಕಾಶ ನೀಡಲಾಯಿತು. ರಾಜ್ಯದ ಅಭ್ಯರ್ಥಿಗಳಿಗೆ ಬೆಂಗಳೂರು, ಬೆಳಗಾವಿ, ಮಂಗಳೂರುಗಳಲ್ಲಿ ಸೇನಾ ನೇಮಕಾತಿ ಕಚೇರಿಗಳಿವೆ. ಅಧಿಕಾರಿಯಾಗಬಯಸುವವರು ಬರೆಯುವ ಎನ್‌ಡಿಎ ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುತ್ತದೆ.