ಮಂಜಿನಲ್ಲಿ ನೆಂದರೂ ಬಿರಿಯುವ ಚರ್ಮ

ಜನವರಿಯ ಬೆಳಗಿನ ಜಾವ ಕಾಶಿಯ ಕರ್ನಾಟಕ ಘಾಟ್‌ನ ಮೆಟ್ಟಿಲ ಮೇಲೆ ನಿಂತರೆ ಎಷ್ಟೋ ದಿನ ಗಂಗೆಯೇ ಕಾಣುವುದಿಲ್ಲ. ಒಂದು ಬದಿಗೆ ಹನುಮಾನ್ ಘಾಟ್, ಇನ್ನೊಂದು ಬದಿಗೆ ಹರಿಶ್ಚಂದ್ರ ಘಾಟ್. ಎರಡೂ ಮಂಜಿನೊಳಗೆ ಮಾಯ. ಶಾಲಿನ ಅಂಚು, ಮೀಸೆಯ ತುದಿ, ದೋಣಿಯ ಹಗ್ಗ ಎಲ್ಲವೂ ತೇವ. ಆದರೂ ಮಂಗಳೂರು, ಮೈಸೂರುಗಳಿಂದ ಬಂದ ಯಾತ್ರಿಕರಿಗೆ ಎರಡು ಮೂರು ದಿನಗಳಲ್ಲೇ ತುಟಿ ಬಿರಿಯುತ್ತದೆ, ಮೊಣಕಾಲಿನ ಕೆಳಗೆ ಉಗುರು ತಾಗಿದರೆ ಸುಣ್ಣದಂಥ ಬಿಳಿ ಗೆರೆ ಮೂಡುತ್ತದೆ. ಗಾಳಿಯೇ ತೊಟ್ಟಿಕ್ಕುತ್ತಿರುವಾಗ ಮೈ ಒಣಗುವುದು ಹೇಗೆ?

ಲೆಕ್ಕ ಹಾಕಿದರೆ ಗುಟ್ಟು ಬಯಲಾಗುತ್ತದೆ. ಎಂಟು ಡಿಗ್ರಿಯ ಗಾಳಿ ಎಷ್ಟೇ ಹೀರಿಕೊಂಡರೂ ಒಂದು ಘನ ಮೀಟರಿಗೆ ಸುಮಾರು 8 ಗ್ರಾಂ ನೀರಾವಿಯನ್ನಷ್ಟೇ ಹಿಡಿದಿಟ್ಟುಕೊಳ್ಳಬಲ್ಲದು. ಕಣ್ಣಿಗೆ ಕಾಣುವ ಮಂಜಿನ ಹನಿಗಳನ್ನೆಲ್ಲ ಕೂಡಿಸಿದರೂ ಅರ್ಧ ಗ್ರಾಂ ದಾಟುವುದು ಕಷ್ಟ. ಇದೇ ಗಾಳಿ ಸ್ವೆಟರಿನೊಳಗೆ ನುಗ್ಗಿ ಚರ್ಮದ ಬಿಸಿಗೆ, ಅಂದರೆ ಸುಮಾರು 32 ಡಿಗ್ರಿಗೆ ಏರಿದಾಗ ಅದರ ಹೊಟ್ಟೆ ಹಿಗ್ಗುತ್ತದೆ. ಈಗ ಅದಕ್ಕೆ 34 ಗ್ರಾಂ ಬೇಕು. ಇರುವುದು ಅದರ ಕಾಲುಭಾಗ. ಉಳಿದದ್ದಕ್ಕೆ ಅದು ಕೈಯೊಡ್ಡುವುದು ಚರ್ಮದ ಮುಂದೆಯೇ. ಮಳೆಗಾಲದ ಮಂಗಳೂರಿನ ಗಾಳಿಯಲ್ಲಿ ಇಪ್ಪತ್ತು ಗ್ರಾಂಗಿಂತ ಹೆಚ್ಚು ನೀರಾವಿ ಇರುತ್ತದೆ. ಕರಾವಳಿಯವರ ಚರ್ಮಕ್ಕೆ ಕಾಶಿಯ ಚಳಿ ಮರುಭೂಮಿಯಂತೆ ಅನ್ನಿಸಿದರೆ ಅದು ನಖರೆಯಲ್ಲ.

ಈ ವಸೂಲಿಯನ್ನು ತಡೆಯುವ ಗೋಡೆ ಬಹಳ ತೆಳು. ಚರ್ಮದ ತೀರ ಹೊರಗಿನ ಸತ್ತ ಪದರದ ದಪ್ಪ ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು, ಅದರಲ್ಲೇ ಹದಿನೈದಿಪ್ಪತ್ತು ಸಾಲು ಕೋಶಗಳು. ಚಪ್ಪಟೆ ಕೋಶಗಳೇ ಇಟ್ಟಿಗೆ. ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲಗಳು ಸೇರಿದ ಜಿಡ್ಡೇ ನಡುವಿನ ಗಾರೆ. (ಕಾಶಿರಾಜ ದಿವೋದಾಸ ಧನ್ವಂತರಿಯ ಉಪದೇಶವೆಂದು ಹೇಳಿಕೊಳ್ಳುವ ಸುಶ್ರುತ ಸಂಹಿತೆ ಚರ್ಮವನ್ನು ಏಳು ಪದರಗಳಾಗಿ ಎಣಿಸಿ, ಭತ್ತದ ಕಾಳನ್ನೇ ಅಳತೆಗೋಲು ಮಾಡಿಕೊಂಡು ಅವುಗಳ ದಪ್ಪ ಹೇಳಿದೆ. ಹೊರ ಪದರಕ್ಕೆ ಅದು ಕೊಟ್ಟ ಹೆಸರು ಅವಭಾಸಿನಿ.)

ಹೊಟ್ಟು ಏಳುವುದನ್ನು ಕಂಡವರು ಚರ್ಮ ಬೇಗ ಬೇಗ ಉದುರುತ್ತಿದೆ ಎಂದುಕೊಳ್ಳುತ್ತಾರೆ. ನಡೆಯುವುದು ಬೇರೆಯೇ. ಹಳೆಯ ಕೋಶಗಳು ದಿನವೂ ಒಂದೊಂದಾಗಿ, ಯಾರಿಗೂ ಗೊತ್ತಾಗದಂತೆ ಕಳಚಿಕೊಳ್ಳಬೇಕು. ಅವುಗಳ ಕೊಂಡಿ ಬಿಡಿಸುವ ಕಿಣ್ವಗಳು ಕೆಲಸ ಮಾಡಲು ನೀರು ಬೇಕು. ನೀರು ಸಾಲದಿದ್ದರೆ ಕೊಂಡಿ ಬಿಡುವುದಿಲ್ಲ. ಕೋಶಗಳು ಹಿಂಡುಹಿಂಡಾಗಿ ಅಂಟಿಕೊಂಡು, ಕೊನೆಗೆ ಚಕ್ಕೆಯಾಗಿ ಏಳುತ್ತವೆ.

ಹಾಗಾದರೆ ಎಣ್ಣೆ ಹಚ್ಚಿದರಾಯಿತಲ್ಲ? 1952ರಲ್ಲಿ ಅಮೆರಿಕದ ಇರ್ವಿನ್ ಬ್ಲಾಂಕ್ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಒಣಗಿ ಗಡುಸಾದ ಹೊರಚರ್ಮದ ತುಣುಕುಗಳನ್ನು ಎಣ್ಣೆಯಲ್ಲಿ ನೆನೆಹಾಕಿದರೆ ಅವು ಗಡುಸಾಗಿಯೇ ಉಳಿದವು. ನೀರು ಸಿಕ್ಕಿದ್ದೇ ಮೆತ್ತಗಾದವು. ಚರ್ಮವನ್ನು ಮೃದುವಾಗಿಸುವುದು ನೀರು. ಎಣ್ಣೆ, ವ್ಯಾಸಲಿನ್‌ಗಳದ್ದು ಮುಚ್ಚಳದ ಕೆಲಸ. ಮಿಂದು ಮೈ ಒರೆಸಿ, ಪೂರ್ತಿ ಆರುವ ಮೊದಲೇ ಹಚ್ಚಿದರೆ ಒಳಗಿನ ನೀರು ಒಳಗೇ ಉಳಿಯುತ್ತದೆ. ಒಣಗಿದ ಮೇಲೆ ಹಚ್ಚಿದರೆ ಖಾಲಿ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಎಣ್ಣೆಸ್ನಾನದ ಹೆಸರಿನಲ್ಲಿ ಮೊದಲು ಹಚ್ಚಿ, ಆಮೇಲೆ ಸೀಗೆಪುಡಿಯಿಂದ ತಿಕ್ಕಿ ತೆಗೆಯುವ ನಮ್ಮ ಪದ್ಧತಿ ಮೈಗೆ ಹಿತವಿರಬಹುದು, ಚಳಿಗಾಲದ ಒಣಚರ್ಮಕ್ಕೆ ಅಷ್ಟೇನೂ ಉಪಕಾರಿಯಲ್ಲ.

ಯಾವ ಎಣ್ಣೆ ಎಂಬುದು ಕಾಶಿಯಲ್ಲಿ ಪ್ರಶ್ನೆಯೇ ಅಲ್ಲ. ಅಖಾಡದ ಪೈಲ್ವಾನನಿಂದ ಬಾಣಂತಿಯ ಕೂಸಿನವರೆಗೆ ಎಲ್ಲರಿಗೂ ಕಡುವಾ ತೇಲ್, ಅಂದರೆ ಸಾಸಿವೆ ಎಣ್ಣೆ. ಹಚ್ಚಿದೊಡನೆ ಮೈ ಬೆಚ್ಚಗಾಯಿತು ಅನ್ನಿಸುವುದು ಅದರ ಘಾಟಿನಿಂದ: ಅಲೈಲ್ ಐಸೋಥಯೋಸಯನೇಟ್ ಎಂಬ ರಾಸಾಯನಿಕ ಚರ್ಮದ ನರತುದಿಗಳನ್ನು ಕೆಣಕುತ್ತದೆ. ಗಟ್ಟಿ ಮೈಯ ಪೈಲ್ವಾನನಿಗೆ ಅದು ಸೊಗಸು. ಕೂಸಿನ ಮಾತು ಬೇರೆ. ಗ್ಯಾರಿ ಡಾರ್ಮ್‌ಸ್ಟಾಟ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಲಿಗಳ ಗಾಸಿಯಾದ ಚರ್ಮಕ್ಕೆ ಬೇರೆ ಬೇರೆ ಎಣ್ಣೆ ಹಚ್ಚಿ ನೋಡಿದ್ದರು. ಸೂರ್ಯಕಾಂತಿ ಎಣ್ಣೆ ಗೋಡೆಯ ದುರಸ್ತಿಯನ್ನು ಚುರುಕುಗೊಳಿಸಿತು, ಸಾಸಿವೆ ಎಣ್ಣೆ ನಿಧಾನಗೊಳಿಸಿತು. ಸೂರ್ಯಕಾಂತಿಯಲ್ಲಿ ಹೇರಳವಾಗಿರುವ ಲಿನೋಲೆಯಿಕ್ ಆಮ್ಲ ಆ ಗಾರೆಗೆ ಕಚ್ಚಾ ಸಾಮಗ್ರಿ.

ಎಣ್ಣೆಯಷ್ಟೇ ಸ್ನಾನದ ಕಡೆಗೂ ಗಮನ ಬೇಕು: ನೀರು ಬಿಸಿಯಾದಷ್ಟೂ ಗಾರೆ ಹೆಚ್ಚು ಕರಗುತ್ತದೆ. ಸೋಪು ಇನ್ನೊಂದು ಕೈ ಮುಂದೆ: ಚರ್ಮದ ಮೇಲ್ಮೈ ತುಸು ಹುಳಿ, ಪಿಎಚ್ ಐದರ ಆಸುಪಾಸು, ಸಾಮಾನ್ಯ ಸೋಪಿನದು ಒಂಬತ್ತು, ಹತ್ತು. ಕಂಕುಳು, ತೊಡೆಸಂದಿ, ಪಾದಗಳಿಗಷ್ಟೇ ಸೋಪು ಸಾಕು. ಹಿಮ್ಮಡಿಯ ಕಥೆಯೇ ಬೇರೆ: ಅಂಗಾಲಿನಲ್ಲಿ ಜಿಡ್ಡುಗ್ರಂಥಿಗಳೇ ಇಲ್ಲ. ರಾತ್ರಿ ಕಾಲು ತೊಳೆದು, ವ್ಯಾಸಲಿನ್ ಬಳಿದು, ಕಾಲುಚೀಲ ಹಾಕಿ ಮಲಗಬೇಕು.

ಇನ್ನು ಊರಿನಿಂದ ತಂದ ಕೊಬ್ಬರಿ ಎಣ್ಣೆ. ಅದೂ ಒಳ್ಳೆಯ ಮುಚ್ಚಳವೇ. ಆದರೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಛತ್ರದ ಕೋಣೆಯಲ್ಲಿ ಬೆಳಿಗ್ಗೆ ಬಾಟಲಿ ತಲೆಕೆಳಗು ಮಾಡಿ ಎಷ್ಟು ಕುಲುಕಿದರೂ ಒಂದು ಹನಿಯೂ ಬೀಳುವುದಿಲ್ಲ. ಸ್ನಾನದ ಬಕೆಟ್ಟಿನ ಬಿಸಿನೀರಿನಲ್ಲಿ ಅದನ್ನು ಮೊದಲೇ ಇಳಿಬಿಟ್ಟರೆ, ಮೈ ಒರೆಸಿಕೊಳ್ಳುವ ಹೊತ್ತಿಗೆ ಕರಗಿರುತ್ತದೆ.