ದೂರದ ತರಗತಿಯಲ್ಲಿ ಗುಂಪು ಚರ್ಚೆ



ದೂರದರ್ಶನದಲ್ಲಿ ಪಾಠ ನೋಡುತ್ತೀರಿ, ಮೊಬೈಲಿನಲ್ಲಿ ಆನ್‌ಲೈನ್ ತರಗತಿ ಕೇಳುತ್ತೀರಿ. ಪಾಠ ಮುಗಿದಾಗ ಎಲ್ಲವೂ ಅರ್ಥವಾದಂತೆ ತೋರುತ್ತದೆ. ಆದರೆ ಅದನ್ನೇ ಗೆಳೆಯರೊಬ್ಬರಿಗೆ ವಿವರಿಸಲು ಹೊರಟರೆ ಮಾತು ತಡವರಿಸುತ್ತದೆ. ಕೇಳಿದ್ದು ನಮ್ಮದಾಗಬೇಕಾದರೆ ಅದನ್ನು ನಾಲ್ವರೊಡನೆ ಚರ್ಚಿಸಬೇಕು.

ಇದಕ್ಕೆ ನಮ್ಮ ದೇಶದಲ್ಲೇ ಹಳೆಯ ನಿದರ್ಶನವಿದೆ. 1956ರಲ್ಲಿ ಆಕಾಶವಾಣಿಯು ಯುನೆಸ್ಕೋ ನೆರವಿನಿಂದ, ಪುಣೆ ಕೇಂದ್ರದ ಮೂಲಕ, ಅಂದಿನ ಮುಂಬಯಿ ರಾಜ್ಯದ 150 ಹಳ್ಳಿಗಳಲ್ಲಿ ರೈತರ ರೇಡಿಯೋ ಕೂಟಗಳನ್ನು ಏರ್ಪಡಿಸಿತು. ಹಳ್ಳಿಗರು ಒಟ್ಟಿಗೆ ಕುಳಿತು ಕಾರ್ಯಕ್ರಮ ಕೇಳಿ, ಸಂಚಾಲಕರ ನೆರವಿನಿಂದ ಚರ್ಚಿಸಿ, ಉಳಿದ ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆದು ಕಳುಹಿಸುತ್ತಿದ್ದರು. ರೇಡಿಯೋ ಇದ್ದೂ ಕೂಟವಿಲ್ಲದ ಹಳ್ಳಿಗಳಿಗೆ ಹೋಲಿಸಿದಾಗ, ಕೂಟವಿದ್ದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಹೆಚ್ಚು ಬೆಳೆದದ್ದು ಕಂಡುಬಂತು.

ಆ ರೈತರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆನ್‌ಲೈನ್ ತರಗತಿಯಲ್ಲಿ ಈ ಅನುಕೂಲ ಕಡಿಮೆ. ಕ್ಯಾಮೆರಾ ಮುಚ್ಚಿರುವ ವಿದ್ಯಾರ್ಥಿ ಸುಮ್ಮನಿದ್ದರೆ, ಯೋಚಿಸುತ್ತಿದ್ದಾನೆಯೇ, ಸಂಕೋಚಪಡುತ್ತಿದ್ದಾನೆಯೇ, ಇಲ್ಲವೇ ಸಂಪರ್ಕವೇ ಕಡಿದಿದೆಯೇ ಎಂದು ತಿಳಿಯುವುದಿಲ್ಲ. ಹೀಗಾಗಿ ಮಾತುಗಾರರಿಬ್ಬರು ಚರ್ಚೆ ನಡೆಸುತ್ತಾರೆ, ಉಳಿದವರು ಹಿಂದುಳಿಯುತ್ತಾರೆ. ಇದನ್ನು ತಪ್ಪಿಸಲು ಕ್ರಮವೊಂದು ಬೇಕು.

ಮೊದಲಿಗೆ, ಗುಂಪಿನಲ್ಲಿ ನಾಲ್ಕೈದು ಜನರಷ್ಟೇ ಇರಲಿ. ಒಬ್ಬರು ಸಂಚಾಲಕರು, ಒಬ್ಬರು ವರದಿಗಾರರು, ಇನ್ನೊಬ್ಬರು ಸಮಯ ನೋಡುವವರು. ಪ್ರತಿ ವಾರವೂ ಈ ಕೆಲಸಗಳು ಬದಲಾಗಲಿ.

ಎರಡನೆಯದು ಪ್ರಶ್ನೆ. ‘ಗುರುತ್ವದ ಬಗ್ಗೆ ಚರ್ಚಿಸಿ’ ಎಂದರೆ ಯಾರಿಗೂ ಮಾತು ಹೊರಡದು. ‘ನೇರವಾಗಿ ಮೇಲಕ್ಕೆಸೆದ ಚೆಂಡು ತುತ್ತತುದಿ ತಲುಪಿದ ಕ್ಷಣದಲ್ಲಿ ಅದರ ಮೇಲೆ ಬಲವಿದೆಯೇ?’ ಎಂದು ಕೇಳಿ ನೋಡಿ. ವೇಗ ಸೊನ್ನೆ, ಆದ್ದರಿಂದ ಬಲವೂ ಸೊನ್ನೆ ಎಂದು ಒಬ್ಬರಾದರೂ ಹೇಳಬಹುದು. ಆಗ ಇನ್ನೊಬ್ಬರು, ‘ಬಲವೇ ಇಲ್ಲದಿದ್ದರೆ ಚೆಂಡು ಅಲ್ಲೇ ನಿಂತುಬಿಡಬೇಕಿತ್ತಲ್ಲ, ಕೆಳಗೆ ಬರುವುದೇಕೆ?’ ಎನ್ನುತ್ತಾರೆ. ಗುರುತ್ವಬಲ ಆ ಕ್ಷಣದಲ್ಲೂ ಇದೆ ಎಂಬುದು ಹೀಗೆ ವಾದದಿಂದಲೇ ಹೊರಬರುತ್ತದೆ.

ಮೂರನೆಯದಾಗಿ, ಮಾತಿಗೆ ಮೊದಲು ಎರಡು ನಿಮಿಷ ಎಲ್ಲರೂ ತಮ್ಮ ಉತ್ತರ ಬರೆದುಕೊಳ್ಳಲಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಎರಿಕ್ ಮಜೂರ್ 1991ರಲ್ಲಿ ಆರಂಭಿಸಿದ ಬೋಧನಾ ಕ್ರಮವೂ ಇಂಥದೇ: ಮೊದಲು ಸ್ವಂತ ಉತ್ತರ, ಬಳಿಕ ಪಕ್ಕದವರೊಡನೆ ಚರ್ಚೆ, ಕೊನೆಗೆ ಮತ್ತೊಮ್ಮೆ ಉತ್ತರ. ಬರೆದುಕೊಂಡವರಿಗೆ ಹೇಳಲು ಏನಾದರೊಂದು ಇದ್ದೇ ಇರುತ್ತದೆ. ಅನಂತರ ಪ್ರತಿಯೊಬ್ಬರೂ ಸರದಿಯಂತೆ ಒಂದು ನಿಮಿಷ ಮಾತನಾಡಲಿ. ಆ ಸರದಿ ಮುಗಿಯುವವರೆಗೆ ಯಾರೂ ನಡುವೆ ಬಾಯಿ ಹಾಕಬಾರದು.

ಸಂಚಾಲಕರ ಕೆಲಸ ಭಾಷಣವಲ್ಲ, ಉಳಿದವರನ್ನು ಮಾತನಾಡಿಸುವುದು. ‘ನಿಮಗೆ ಹಾಗೇಕೆ ಅನ್ನಿಸಿತು?’ ಎಂಬ ಒಂದು ಪ್ರಶ್ನೆ ಸಾಕು. ನೆಟ್‌ವರ್ಕ್ ದುರ್ಬಲವಾಗಿರುವವರು ದೃಶ್ಯ ನಿಲ್ಲಿಸಿ ಧ್ವನಿಯಲ್ಲಷ್ಟೇ ಸೇರಲಿ. ಅದೂ ಆಗದಿದ್ದರೆ ಸಂದೇಶ ಬರೆದು ಕಳುಹಿಸಲಿ, ಸಂಚಾಲಕರು ಅದನ್ನು ಗಟ್ಟಿಯಾಗಿ ಓದಲಿ. ಕೆಲವರು ತರಗತಿಯಲ್ಲಿ, ಕೆಲವರು ಮನೆಯಲ್ಲಿ ಇರುವ ಮಿಶ್ರ ಕಲಿಕೆಯಲ್ಲಿ ಮನೆಯಲ್ಲಿರುವವರಿಗೇ ಮೊದಲ ಸರದಿ ಕೊಡಿ. ಇಲ್ಲವಾದರೆ ಕೋಣೆಯಲ್ಲಿರುವವರ ಮಾತಿನಲ್ಲಿ ಅವರು ಮರೆತೇ ಹೋಗುತ್ತಾರೆ.

ಕೊನೆಯಲ್ಲಿ ವರದಿಗಾರರು ಮೂರು ಸಂಗತಿ ಬರೆಯಲಿ: ಒಪ್ಪಿದ್ದು, ಒಪ್ಪದೆ ಉಳಿದದ್ದು, ಅಧ್ಯಾಪಕರನ್ನು ಕೇಳಬೇಕಾದದ್ದು. ಅಧ್ಯಾಪಕರು ಮುಂದಿನ ತರಗತಿಯನ್ನು ಆ ಮೂರನೆಯದರಿಂದ ಆರಂಭಿಸಿದರೆ, ಚರ್ಚಿಸಿದ್ದು ವ್ಯರ್ಥವಾಗಲಿಲ್ಲವೆಂದು ವಿದ್ಯಾರ್ಥಿಗಳಿಗೆ ತಿಳಿಯುತ್ತದೆ.

ಮುಂದಿನ ಪಾಠ ಮುಗಿದೊಡನೆ ನೀವೂ ಐವರು ಸೇರಿ, ಇಪ್ಪತ್ತು ನಿಮಿಷ ಹೀಗೆ ಪ್ರಯತ್ನಿಸಿ. ಇದುವರೆಗೆ ಒಂದು ಮಾತೂ ಆಡದ ಗೆಳತಿಯೋ ಗೆಳೆಯನೋ ಇದ್ದರೆ, ಮೊದಲ ಸರದಿ ಅವರದಾಗಲಿ.