ಅಂಗಾವಾನ್: ಹೊಲದಲ್ಲಿ ಹುಟ್ಟಿದ ಜ್ವಾಲಾಮುಖಿಯ ನೆರೆಯೂರು

ಮೆಕ್ಸಿಕೋ ದೇಶದ ಪಶ್ಚಿಮ ಭಾಗದಲ್ಲಿ ಮಿಚೋವಕಾನ್ ಎಂಬ ರಾಜ್ಯವಿದೆ. ಅಲ್ಲಿಯ ಉರುವಾಪಾನ್ ನಗರದಿಂದ ಬೆಟ್ಟದ ರಸ್ತೆಯಲ್ಲಿ ಮೇಲಕ್ಕೆ ಸಾಗಿದರೆ, ಪೈನ್ ಕಾಡುಗಳ ನಡುವೆ ಅಂಗಾವಾನ್ ಎಂಬ ಪುಟ್ಟ ಊರು ಸಿಗುತ್ತದೆ. ಇಲ್ಲಿಯವರು ಪುರೆಪೆಚ ಎಂಬ ಮೂಲನಿವಾಸಿ ಜನ. ಅವರ ಭಾಷೆಯ ಹೆಸರೂ ಪುರೆಪೆಚ. ಊರಿನಲ್ಲಿ 16ನೇ ಶತಮಾನದ ಒಂದು ಚರ್ಚ್ ಇದೆ. ಪೈನ್ ಹಲಗೆಗಳನ್ನು ಒಂದಕ್ಕೊಂದು ಸೇರಿಸಿ ಕಟ್ಟಿದ 'ತ್ರೋಹೆ' ಎಂಬ ಮರದ ಮನೆಗಳೂ ಇವೆ. ಬೇಕಾದರೆ ಇಂತಹ ಮನೆಯನ್ನು ಬಿಚ್ಚಿ ಬೇರೆಡೆಗೆ ಸಾಗಿಸಿ ಮತ್ತೆ ಜೋಡಿಸಬಹುದು.

ಅಂಗಾವಾನ್ ಇರುವುದು ಸುಮಾರು 19.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ಉಷ್ಣವಲಯದಲ್ಲಿ. ಹಾಗಿದ್ದೂ ಇಲ್ಲಿ ಪೈನ್ ಕಾಡು ಬೆಳೆಯಲು ಮುಖ್ಯ ಕಾರಣ ಎತ್ತರ. ಊರು ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಮೇಲಿದೆ. ಪ್ರತಿ ಕಿಲೋಮೀಟರ್ ಎತ್ತರಕ್ಕೆ ವಾಯುವಿನ ತಾಪ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆಂದು ಲೆಕ್ಕ ಹಾಕಿದರೆ, ಕರಾವಳಿಗಿಂತ ಇಲ್ಲಿ 15 ಡಿಗ್ರಿಯಷ್ಟು ತಂಪು. ವಾಯುವಿನ ಒತ್ತಡವೂ ಕಡಿಮೆಯಾದ್ದರಿಂದ ನೀರು ಸುಮಾರು 92 ಡಿಗ್ರಿಯಲ್ಲೇ ಕುದಿಯುತ್ತದೆ. ಪ್ರಪಂಚದ ಸುಮಾರು 120 ಪೈನ್ ಪ್ರಭೇದಗಳಲ್ಲಿ 40ಕ್ಕೂ ಹೆಚ್ಚು ಮೆಕ್ಸಿಕೋದಲ್ಲಿವೆ.

ಆದರೆ ಪ್ರವಾಸಿಗರು ಇಲ್ಲಿಗೆ ಬರುವುದು ಕಾಡನ್ನು ನೋಡಲು ಮಾತ್ರವಲ್ಲ. ಊರಿನ ಅಂಚಿನಲ್ಲಿ ನಿಂತು ನೋಡಿದರೆ, ಹಸಿರು ಕಾಡಿನ ನಡುವೆ ಕಪ್ಪು ಕಲ್ಲಿನ ವಿಶಾಲ ಹರವು ಕಾಣುತ್ತದೆ. ಅದರೊಳಗಿಂದ ಒಂದು ಚರ್ಚಿನ ಗೋಪುರ ತಲೆ ಎತ್ತಿದೆ. ಹಿನ್ನೆಲೆಯಲ್ಲಿ, ತುದಿ ಕತ್ತರಿಸಿದ ಶಂಕುವಿನಂತಹ ಒಂದು ಬೂದು ಬೆಟ್ಟ. ಅದೇ ಪರೀಕುತಿನ್ ಜ್ವಾಲಾಮುಖಿ. 1943ರ ಆರಂಭದಲ್ಲಿ ಆ ಬೆಟ್ಟವೇ ಇರಲಿಲ್ಲ!

ಹೊಲದಲ್ಲಿ ಬೆಟ್ಟ

1943ರ ಫೆಬ್ರವರಿ 20ರ ಮಧ್ಯಾಹ್ನ ದಿಯೋನಿಸಿಯೋ ಪುಲಿದೋ ಎಂಬ ರೈತ ತನ್ನ ಮುಸುಕಿನ ಜೋಳದ ಹೊಲದಲ್ಲಿ ಕೆಲಸ ಮಾಡುತ್ತಿದ್ದ. ಅದಕ್ಕೂ ಮುಂಚೆ ಹಲವು ವಾರಗಳಿಂದ ಆ ಪ್ರದೇಶದಲ್ಲಿ ಭೂಮಿ ಮತ್ತೆ ಮತ್ತೆ ಕಂಪಿಸುತ್ತಿತ್ತು. ಅಂದು ಹೊಲದಲ್ಲಿ ಬಿರುಕು ಬಿಟ್ಟಿತು, ನೆಲ ಉಬ್ಬಿತು, ಗಂಧಕದ ವಾಸನೆಯೊಡನೆ ಹೊಗೆಯೂ ಬೂದಿಯೂ ಹೊರಬಂದವು. 24 ಗಂಟೆಗಳಲ್ಲಿ ಅಲ್ಲಿ ಸುಮಾರು 50 ಮೀಟರ್ ಎತ್ತರದ ಗುಡ್ಡವಿತ್ತು. ಒಂದು ವರ್ಷದಲ್ಲಿ ಅದು 336 ಮೀಟರ್ ಆಯಿತು. 1952ರಲ್ಲಿ ಚಟುವಟಿಕೆ ನಿಂತಾಗ ಎತ್ತರ 424 ಮೀಟರ್.

ಇದರ ಮೂಲ ಕಾರಣ ಪೆಸಿಫಿಕ್ ಕರಾವಳಿಯಲ್ಲಿದೆ. ಅಲ್ಲಿ ಸಾಗರದ ಅಡಿಯ ಕೋಕೋಸ್ ಭೂಫಲಕ ಉತ್ತರ ಅಮೆರಿಕ ಫಲಕದ ಕೆಳಕ್ಕೆ ಜಾರುತ್ತಿದೆ. ಜಾರುವ ಫಲಕ ತನ್ನೊಡನೆ ನೀರನ್ನೂ ಒಯ್ಯುತ್ತದೆ. ಉಪ್ಪು ಬೆರೆತಾಗ ಮಂಜುಗಡ್ಡೆ ಕಡಿಮೆ ತಾಪದಲ್ಲಿ ಕರಗುವಂತೆ, ನೀರು ಸೇರಿದಾಗ ಬಿಸಿ ಶಿಲೆಯೂ ಕಡಿಮೆ ತಾಪದಲ್ಲೇ ಕರಗಿ ಶಿಲಾಪಾಕವಾಗುತ್ತದೆ. ಸುತ್ತಲಿನ ಶಿಲೆಗಿಂತ ಹಗುರವಾದ ಈ ಪಾಕ ಮೇಲೇರುತ್ತದೆ. ನೆಲದ ಸಮೀಪಕ್ಕೆ ಬಂದಂತೆ ಒತ್ತಡ ಇಳಿದು, ಕರಗಿದ್ದ ಅನಿಲಗಳು ಸೋಡಾ ಬಾಟಲಿಯ ಮುಚ್ಚಳ ತೆಗೆದಾಗಿನಂತೆ ನೊರೆಯಾಗಿ ಸಿಡಿಯುತ್ತವೆ. ಸಿಡಿದ ಹನಿಗಳು ಗಾಳಿಯಲ್ಲೇ ತಣಿದು, ರಂಧ್ರಗಳಿಂದ ಕೂಡಿದ ಕಲ್ಲಿನ ಚೂರುಗಳಾಗಿ ಬಾಯಿಯ ಸುತ್ತ ಬೀಳುತ್ತವೆ.

ರಾಗಿಯ ರಾಶಿಯ ಗಣಿತ

ಕಣದಲ್ಲಿ ರಾಗಿಯನ್ನು ಮೇಲಿನಿಂದ ಸುರಿದರೆ ಶಂಕುವಿನಾಕಾರದ ರಾಶಿಯಾಗುತ್ತದೆ. ಇನ್ನಷ್ಟು ಸುರಿದಾಗ ಕಾಳುಗಳು ಬದಿಗಳಲ್ಲಿ ಜಾರಿ ರಾಶಿ ಅಗಲವಾಗುತ್ತದೆಯೇ ಹೊರತು ಇಳಿಜಾರು ಹೆಚ್ಚುವುದಿಲ್ಲ. ಕಣಗಳ ನಡುವಣ ಘರ್ಷಣೆಗೂ ಗುರುತ್ವಕ್ಕೂ ಸಮತೋಲ ಏರ್ಪಡುವ ಈ ಕೋನಕ್ಕೆ ವಿಶ್ರಾಂತಿ ಕೋನ ಎಂದು ಹೆಸರು. ಜ್ವಾಲಾಮುಖಿಯ ಕಲ್ಚೂರುಗಳಿಗೆ ಇದು 30 ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಪರೀಕುತಿನ್ ಬೆಟ್ಟದ ಬದಿಗಳ ಇಳಿಜಾರೂ ಅಷ್ಟೇ.

ಕೋನ ಬದಲಾಗದಿದ್ದರೆ ರಾಶಿಯ ಎತ್ತರ ಇಮ್ಮಡಿಯಾದಾಗ ಅಡಿಯ ತ್ರಿಜ್ಯವೂ ಇಮ್ಮಡಿಯಾಗುತ್ತದೆ, ಘನಫಲ ಎಂಟು ಪಟ್ಟಾಗುತ್ತದೆ. ಅಂದರೆ ಘನಫಲವು ಎತ್ತರದ ಘನಕ್ಕೆ ಅನುಪಾತದಲ್ಲಿದೆ. ಪ್ರತಿದಿನ ಒಂದೇ ಪ್ರಮಾಣದ ಚೂರು ಬಂದು ಬೀಳುತ್ತಿದ್ದರೆ ಎತ್ತರವು ಕಾಲದ ಘನಮೂಲಕ್ಕೆ ಅನುಗುಣವಾಗಿ ಏರಬೇಕು. ಮೊದಲ ದಿನ 50 ಮೀಟರ್ ಎಂದಿಟ್ಟುಕೊಳ್ಳೋಣ. 365ರ ಘನಮೂಲ ಸುಮಾರು 7.15. ಹಾಗಾದರೆ ವರ್ಷದ ಕೊನೆಗೆ ಎತ್ತರ 357 ಮೀಟರ್ ಆಗಬೇಕು. ನಿಜವಾಗಿ ಆದದ್ದು 336. ಇಷ್ಟು ಸರಳ ಲೆಕ್ಕ ಇಷ್ಟು ಹತ್ತಿರ ಬರುವುದು ಸೋಜಿಗವೇ ಸರಿ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. 424ನ್ನು 336ರಿಂದ ಭಾಗಿಸಿದರೆ 1.26, ಇದರ ಘನ ಸುಮಾರು 2. ಅಂದರೆ ಮೊದಲ ಒಂದು ವರ್ಷದಲ್ಲಿ ಸೇರಿದಷ್ಟೇ ಚೂರು, ಬೆಟ್ಟಕ್ಕೆ ಸೇರಲು ಮುಂದಿನ ಎಂಟು ವರ್ಷಗಳು ಬೇಕಾದವು! ಬೆಟ್ಟದ ತುದಿಯಲ್ಲಿ ಕುಳಿಯಿರುವುದರಿಂದ ಅದು ಪೂರ್ಣ ಶಂಕುವಲ್ಲ. ಆದರೂ ಆಕಾರ ಹೆಚ್ಚು ಬದಲಾಗದಿದ್ದರೆ ಈ ಅನುಪಾತ ಸರಿಯಾಗಿಯೇ ಇರುತ್ತದೆ.

ಶಿಕ್ಷಕರು ಇದನ್ನು ತರಗತಿಯಲ್ಲೇ ತೋರಿಸಬಹುದು. ಒಣ ಮರಳನ್ನು ಒಂದೇ ಜಾಗದಲ್ಲಿ ಒಂದು ಲೋಟ ಸುರಿಯಿರಿ. ಎತ್ತರ, ತ್ರಿಜ್ಯಗಳನ್ನು ಅಳೆಯಿರಿ. ಒಟ್ಟು ಎಂಟು ಲೋಟವಾದಾಗ ಎತ್ತರ ಎರಡು ಪಟ್ಟಾಗಿದೆಯೇ ನೋಡಿ. ಎತ್ತರವನ್ನು ತ್ರಿಜ್ಯದಿಂದ ಭಾಗಿಸಿದರೆ ವಿಶ್ರಾಂತಿ ಕೋನದ ಟ್ಯಾಂಜೆಂಟ್ ದೊರೆಯುತ್ತದೆ.

ನಿಧಾನವಾಗಿ ಬಂದ ಬೆಂಕಿ

ಬೆಟ್ಟದ ಬುಡದಿಂದ ಲಾವಾರಸವೂ ಹರಿಯಿತು. ಅದರ ತಾಪ 1,000 ಡಿಗ್ರಿಗೂ ಹೆಚ್ಚಿತ್ತು. ಹರಿಯಿತು ಎಂದಾಗ ಹೊಳೆಯ ನೀರನ್ನು ನೆನೆಯಬಾರದು. ಇಂತಹ ಲಾವಾದ ಸ್ನಿಗ್ಧತೆ ನೀರಿನ ಸ್ನಿಗ್ಧತೆಗಿಂತ ಕೋಟಿ ಪಟ್ಟಿಗೂ ಹೆಚ್ಚಿರಬಹುದು. ಜೊತೆಗೆ ಮೇಲ್ಮೈ ಬೇಗ ತಣಿದು ಗಟ್ಟಿ ಚಿಪ್ಪಾಗುತ್ತದೆ. ಒಳಗಿನ ರಸ ಮುಂದಕ್ಕೆ ತಳ್ಳಿದಂತೆ ಚಿಪ್ಪು ಒಡೆದು, ತುಂಡುಗಳು ಮುಂಭಾಗದಲ್ಲಿ ಉರುಳಿ ಅಡಿಗೆ ಸೇರುತ್ತವೆ. ಹೀಗೆ ಪ್ರವಾಹದ ಮುಂಭಾಗ ಆಮೆಯ ನಡಿಗೆಯಲ್ಲಿ ಸಾಗುತ್ತದೆ.

ಈ ನಿಧಾನವೇ ಜನರ ಜೀವ ಉಳಿಸಿತು. ಸುಮಾರು 25 ಚದರ ಕಿಲೋಮೀಟರ್ ನೆಲ ಲಾವಾದ ಅಡಿಯಾಯಿತು. ಪರೀಕುತಿನ್ ಹಳ್ಳಿಯೂ ಸಾನ್ ಹುವಾನ್ ಪರಂಗರಿಕುತಿರೋ ಎಂಬ ದೊಡ್ಡ ಊರೂ ಹೂತುಹೋದವು. ಆದರೆ ಲಾವಾದಿಂದ ಸತ್ತವರು ಒಬ್ಬರೂ ಇಲ್ಲ. ಬೂದಿಯ ಮೋಡದಲ್ಲಿ ಕಣಗಳು ಒಂದಕ್ಕೊಂದು ಉಜ್ಜಿ ವಿದ್ಯುದಾವೇಶ ಪಡೆದು ಮಿಂಚಾಗುತ್ತದೆ. ಅಂತಹ ಸಿಡಿಲಿಗೆ ಮೂವರು ಬಲಿಯಾದರು. ಸಾನ್ ಹುವಾನ್‌ನ ಜನ 1944ರ ಮೇ ತಿಂಗಳಲ್ಲಿ ತಮ್ಮ ಚರ್ಚಿನ ಕ್ರಿಸ್ತನ ಮೂರ್ತಿಯನ್ನು ಹೊತ್ತು ಊರು ತೊರೆದರು. ಉರುವಾಪಾನ್‌ನ ಪಶ್ಚಿಮಕ್ಕೆ ಹೊಸ ಸಾನ್ ಹುವಾನ್ ಕಟ್ಟಿಕೊಂಡರು. ಅಂಗಾವಾನ್‌ನಿಂದ ಕಾಣುವ ಗೋಪುರ ಅವರು ಬಿಟ್ಟುಬಂದ ಚರ್ಚಿನದು. ಅಲ್ಲಿಗೆ ಊರಿನ ಮಾರ್ಗದರ್ಶಿಗಳೊಡನೆ ನಡೆದು ಅಥವಾ ಕುದುರೆಯ ಮೇಲೆ ಹೋಗಬಹುದು. ಗೋಪುರದ ಜೊತೆಗೆ ಬಲಿಪೀಠದ ಭಾಗವೂ ಕಲ್ಲಿನ ನಡುವೆ ಉಳಿದಿದೆ.

ಇನ್ನೂ ಆರದ ಬಿಸಿ

ಜ್ವಾಲಾಮುಖಿಯ ತುದಿಗೆ ಏರಿದವರಿಗೆ ಇಂದಿಗೂ ಅಲ್ಲಲ್ಲಿ ಬಿಸಿ ನೆಲ ಸಿಗುತ್ತದೆ, ಹಬೆ ಕಾಣುತ್ತದೆ. ಎಂಟು ದಶಕಗಳಾದರೂ ತಣಿಯದಿರಲು ಕಾರಣ ಶಿಲೆಯ ಮಂದ ಉಷ್ಣವಹನ. ಶಿಲೆಯ ಉಷ್ಣ ವಿಸರಣಾಂಕ ಸೆಕೆಂಡಿಗೆ ಸುಮಾರು ಒಂದು ಚದರ ಮಿಲಿಮೀಟರ್. ದೂರದ ವರ್ಗವನ್ನು ಇದರಿಂದ ಭಾಗಿಸಿದರೆ ತಣಿಯಲು ಬೇಕಾದ ಕಾಲದ ಅಂದಾಜು ಸಿಗುತ್ತದೆ. ಒಂದು ಮೀಟರ್ ಆಳಕ್ಕೆ ಸುಮಾರು 12 ದಿನ, 10 ಮೀಟರ್‌ಗೆ 3 ವರ್ಷ, 100 ಮೀಟರ್‌ಗೆ 300 ವರ್ಷ! ಆಳಕ್ಕಿಳಿದ ಮಳೆನೀರು ಬಿಸಿಶಿಲೆಯನ್ನು ತಾಕಿ ಹಬೆಯಾಗಿ ಹಿಂದಿರುಗುತ್ತದೆ.

ಕಾಡು ಮತ್ತು ಮುಂದಿನ ಬೆಟ್ಟ

ಬೂದಿ ಮುಚ್ಚಿದ ಹೊಲಗಳನ್ನೂ ಸತ್ತ ಮರಗಳನ್ನೂ ಕಂಡ ಜನರೇ ಕಾಡನ್ನು ಮತ್ತೆ ಬೆಳೆಸಿದ್ದಾರೆ. ಹೊಸ ಸಾನ್ ಹುವಾನ್‌ನ ಸಮುದಾಯ 1980ರ ದಶಕದಿಂದ ತನ್ನ ಪೈನ್ ಕಾಡನ್ನು ತಾನೇ ನಿರ್ವಹಿಸುತ್ತಿದೆ. ಮರ, ರಾಳ, ಪೀಠೋಪಕರಣಗಳಿಂದ ಆದಾಯ ಪಡೆಯುತ್ತ, ಕಡಿದೆಡೆಯಲ್ಲಿ ಮತ್ತೆ ಕಾಡು ಬೆಳೆಸುತ್ತದೆ. ಮಿಚೋವಕಾನ್‌ನ ಬೇರೆಡೆಗಳಲ್ಲಿ ಬೆಣ್ಣೆಹಣ್ಣಿನ ತೋಟಗಳಿಗಾಗಿ ಪೈನ್ ಕಾಡು ಕಡಿಯುತ್ತಿರುವಾಗ ಇದು ಗಮನಾರ್ಹ. ಲಾವಾದಿಂದ ಪಾರಾದ ಮರಗಳಿಗೆ ಈಗಿನ ಅಪಾಯ ಮಾರುಕಟ್ಟೆಯದು.

ಪರೀಕುತಿನ್ ಮತ್ತೆ ಸಿಡಿಯುವುದೇ? ಈ ಬಗೆಯ ಜ್ವಾಲಾಮುಖಿಗಳು ಸಾಮಾನ್ಯವಾಗಿ ಒಮ್ಮೆ ಮಾತ್ರ ಜೀವ ತಳೆಯುತ್ತವೆ. ಆದರೆ ಈ ವಲಯದಲ್ಲಿ ಇಂತಹ ಸಾವಿರಕ್ಕೂ ಹೆಚ್ಚು ಬಾಯಿಗಳಿವೆ. 1759ರಲ್ಲಿ ಹೊರುಯ್ಯೋ ಎಂಬ ಜ್ವಾಲಾಮುಖಿಯೂ ಹೀಗೆಯೇ ಹೊಸದಾಗಿ ಹುಟ್ಟಿತ್ತು. 2020ರ ಆರಂಭದಲ್ಲಿ ಇದೇ ಪ್ರದೇಶದಲ್ಲಿ ಸಾವಿರಾರು ಸಣ್ಣ ಭೂಕಂಪನಗಳು ದಾಖಲಾದಾಗ, ಇನ್ನೊಂದು ಬೆಟ್ಟ ಹುಟ್ಟುವುದೇ ಎಂದು ವಿಜ್ಞಾನಿಗಳು ಎಚ್ಚರದಿಂದ ಗಮನಿಸಿದರು. ಹುಟ್ಟಲಿಲ್ಲ.

ಮುಂದಿನ ಬೆಟ್ಟ ಯಾವ ಹೊಲದಲ್ಲಿ ಏಳುತ್ತದೆಂದು ವರ್ಷಗಳ ಮೊದಲೇ ಹೇಳುವುದು ಇಂದಿಗೂ ಸಾಧ್ಯವಿಲ್ಲ. ಆದರೆ ನೆಲ ಕಂಪಿಸತೊಡಗಿದಾಗ ಉಪಕರಣಗಳು ಎಚ್ಚರಿಸಬಲ್ಲವು. ಬೆಟ್ಟ ಹೇಗೆ ಬೆಳೆಯುತ್ತದೆ, ಲಾವಾ ಎಷ್ಟು ನಿಧಾನವಾಗಿ ಬರುತ್ತದೆ ಎಂಬುದನ್ನು 1943ರ ಆ ಹೊಲ ನಮಗೆ ಕಲಿಸಿದೆ. ಮನೆ ಬಿಚ್ಚಿಕೊಂಡು ಹೊರಡಲು ಆ ತಿಳಿವಳಿಕೆ ಸಾಕಷ್ಟು ಸಮಯ ಕೊಡುತ್ತದೆ.